ಐದನೇ ತಾರೀಖಿನ ಹಣ: ವರ್ಷವಿಡೀ ತಪ್ಪದೆ ದೇಣಿಗೆ ಕೊಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಂದು ಸಣ್ಣ ಸೇವಾ ಸಂಸ್ಥೆಯ ಲೆಕ್ಕಪುಸ್ತಕವನ್ನು ಕೆಲವು ವರ್ಷ ನಾನು ಬರೆದಿದ್ದೇನೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆದು, ಪಟ್ಟಿ ಕಟ್ಟಿ, ನೋವಿಗೆ ಮದ್ದು ಕೊಟ್ಟು ಬರುವುದು ಆ ಸಂಸ್ಥೆಯ ಕೆಲಸ. ಪುಸ್ತಕದ ಖರ್ಚಿನ ಪುಟಗಳು ಹನ್ನೆರಡು ತಿಂಗಳೂ ಒಂದೇ ರೀತಿ ಕಾಣುತ್ತಿದ್ದವು: ದಾದಿಯರ ಸಂಬಳ, ವಾಹನದ ಇಂಧನ, ಹತ್ತಿ, ಬ್ಯಾಂಡೇಜು, ಔಷಧ. ಜಮೆಯ ಪುಟಗಳು ಹಾಗಿರಲಿಲ್ಲ. ಹಬ್ಬದ ಕಾಲದಲ್ಲಿ ಮತ್ತು ಲೆಕ್ಕವರ್ಷ ಮುಗಿಯುವ ತಿಂಗಳಲ್ಲಿ ಸಾಲು ಸಾಲು ಹೆಸರುಗಳು. ಉಳಿದ ತಿಂಗಳುಗಳಲ್ಲಿ ಅರ್ಧ ಪುಟವೂ ತುಂಬುತ್ತಿರಲಿಲ್ಲ.

ಅಂಥ ಒಂದು ಬರಡು ತಿಂಗಳಲ್ಲಿ ದಾದಿಯೊಬ್ಬರ ಸಂಬಳ ಮೂರು ವಾರ ತಡವಾಯಿತು. ಮರು ತಿಂಗಳೂ ಹಾಗೆಯೇ ಆಯಿತು. ಅವರಿಗೂ ಮನೆ ಇತ್ತು, ಮಕ್ಕಳಿದ್ದರು; ಬೇರೆ ಕೆಲಸ ಹುಡುಕಿಕೊಂಡು ಹೋದರು. ಹೊಸಬರು ಸಿಗುವ ತನಕ ಅವರು ನೋಡಿಕೊಳ್ಳುತ್ತಿದ್ದ ಮನೆಗಳ ಬಾಗಿಲನ್ನು ನಮ್ಮ ಕಡೆಯಿಂದ ಯಾರೂ ತಟ್ಟಲಿಲ್ಲ. ಎರಡು ತಿಂಗಳ ಮೇಲೆ ಒಬ್ಬ ದೊಡ್ಡ ದಾನಿಯಿಂದ ಆ ಸಂಬಳದ ಹತ್ತು ಪಟ್ಟು ಹಣ ಒಮ್ಮೆಲೇ ಬಂತು. ಕೃತಜ್ಞತೆಯಿಂದಲೇ ಜಮೆ ಬರೆದುಕೊಂಡೆ. ಆದರೆ ನಡುವೆ ಕಳೆದ ಆ ವಾರಗಳನ್ನು ನೋವಿನಲ್ಲಿ ಕಳೆದವರಿಗೆ ಆ ಹಣದಿಂದ ಏನನ್ನೂ ಮರಳಿ ಕೊಡಲಾಗಲಿಲ್ಲ.

ಅದೇ ಪುಸ್ತಕದಲ್ಲಿ ಪ್ರತಿ ತಿಂಗಳ 5ನೇ ತಾರೀಖಿಗೆ ತಪ್ಪದೆ ಬಂದು ಕೂರುತ್ತಿದ್ದ ಕೆಲವು ಚಿಕ್ಕ ಮೊತ್ತಗಳಿದ್ದವು. ಅವುಗಳಲ್ಲಿ ಯಾವುದೂ ಒಂಟಿಯಾಗಿ ನೋಡಿದರೆ ದೊಡ್ಡದಲ್ಲ. ಆದರೂ ಮುಂದಿನ ತಿಂಗಳ ಖರ್ಚಿನ ಅಂದಾಜು ಬರೆಯಲು ಕೂತಾಗ ನಾವು ಮೊದಲು ಬರೆಯುತ್ತಿದ್ದುದು ಆ ಹೆಸರುಗಳನ್ನೇ. ಬರುತ್ತದೆ ಎಂದು ಗೊತ್ತಿರುವ ಹಣಕ್ಕೆ ಇರುವ ಬೆಲೆ ಬರಬಹುದಾದ ಹಣಕ್ಕೆ ಇಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಹಾಗೆ ಕೊಡಲು ಬಯಸುವವರು ಎಲ್ಲಿಂದ ಆರಂಭಿಸಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಅರಿಯಬೇಕಾದದ್ದು: ಸೇವೆಗೂ ಒಂದು ಪಂಚಾಂಗವಿದೆ

ರಕ್ತದಾನವನ್ನು ನೋಡಿ. ದಾನಿಯ ದೇಹದಿಂದ ತೆಗೆದ ಕೆಂಪು ರಕ್ತಕಣಗಳನ್ನು ಸಂಗ್ರಹ ದ್ರಾವಣದಲ್ಲಿ, ಶೀತದಲ್ಲಿ ಇಟ್ಟರೂ ಗರಿಷ್ಠ 42 ದಿನ ಕಾಪಾಡಬಹುದು. ಪ್ಲೇಟ್‌ಲೆಟ್‌ಗಳ ಆಯುಷ್ಯ 5ರಿಂದ 7 ದಿನ ಮಾತ್ರ. ಒಂದು ಶಿಬಿರದಲ್ಲಿ ಸಾವಿರ ಜನ ಸಾಲುಗಟ್ಟಿ ನಿಂತು ಕೊಟ್ಟರೂ ಎರಡು ತಿಂಗಳ ನಂತರ ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ ಆ ರಕ್ತ ಸಿಗುವುದಿಲ್ಲ. ಅವಳ ಪಾಲಿಗೆ ಬೇಕಾದವರು ಹಿಂದಿನ ವಾರವೋ ಹಿಂದಿನ ತಿಂಗಳೋ ಕೊಟ್ಟವರು. ರಕ್ತನಿಧಿಗಳು ಸದಾ ನಿಯಮಿತ ದಾನಿಗಳನ್ನು ಹುಡುಕುವುದು ಇದಕ್ಕೇ.

ಹಣ ರಕ್ತದಂತೆ ಕೆಡುವುದಿಲ್ಲ ಎನ್ನಬಹುದು. ನಿಜ. ಆದರೆ ಹಣದಿಂದ ನಡೆಯುವ ಕೆಲಸಕ್ಕೆ ಅದರದೇ ಗಡುವುಗಳಿವೆ. ಆಫ್ರಿಕಾದ ಸಹೆಲ್ ಪ್ರದೇಶದಲ್ಲಿ ಮಲೇರಿಯಾ ಹೆಚ್ಚಾಗಿ ಮಳೆಗಾಲದ ಕೆಲವೇ ತಿಂಗಳಲ್ಲಿ ಉಲ್ಬಣಿಸುತ್ತದೆ. ಆ ಅವಧಿಯಲ್ಲಿ ಚಿಕ್ಕ ಮಕ್ಕಳಿಗೆ ತಿಂಗಳಿಗೊಂದು ಸುತ್ತಿನಂತೆ ಮುನ್ನೆಚ್ಚರಿಕೆಯ ಮಾತ್ರೆ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಶಿಫಾರಸು ಮಾಡಿತು. ಒಂದು ಸುತ್ತಿನ ಔಷಧದ ರಕ್ಷಣೆ ಸುಮಾರು ನಾಲ್ಕು ವಾರ. ಮುಂದಿನ ಸುತ್ತು ತಪ್ಪಿದರೆ ಮಗು ಮತ್ತೆ ಸೊಳ್ಳೆಗೆ ಒಡ್ಡಿಕೊಂಡಂತೆಯೇ. ಮಾತ್ರೆಗಳನ್ನು ಮಳೆಗೆ ಎಷ್ಟೋ ತಿಂಗಳು ಮುಂಚೆಯೇ ತಯಾರಕರಿಂದ ಕಾದಿರಿಸಬೇಕು, ಹಂಚುವವರಿಗೆ ತರಬೇತಿ ಕೊಡಬೇಕು. ಮಳೆ ಬಂದ ಮೇಲೆ ಬಂದ ಹಣ ಆ ವರ್ಷದ ಮಳೆಗೆ ಆಗುವುದಿಲ್ಲ. ವಿಟಮಿನ್ ಎ ಕೊರತೆಯಿರುವ ಪ್ರದೇಶಗಳಲ್ಲಿ ಮಕ್ಕಳಿಗೆ ಅದರ ಹನಿಗಳನ್ನು 4ರಿಂದ 6 ತಿಂಗಳಿಗೊಮ್ಮೆ ಕೊಡಬೇಕು. ತೀವ್ರ ಅಪೌಷ್ಟಿಕತೆಯ ಮಗುವಿನ ಆರೈಕೆ ವಾರಗಟ್ಟಲೆ ಎಡೆಬಿಡದೆ ನಡೆಯಬೇಕು. ನಡುವೆ ನಿಂತರೆ ಅಷ್ಟರತನಕ ಮಗು ಪಡೆದ ತೂಕವೂ ಕರಗಿಹೋಗಬಹುದು. ಶಾಲೆ ಬಿಟ್ಟ ಹುಡುಗಿಯನ್ನು ಮರಳಿ ತರಗತಿಗೆ ಕರೆತರುವುದು, ಕುಡಿತ ಬಿಡಿಸುವುದು, ಕಾಡು ಬೆಳೆಸುವುದು, ಯಾವುದನ್ನೇ ತೆಗೆದುಕೊಂಡರೂ ಕಥೆ ಇದೇ.

ದುರಂತಗಳ ಕಾಲದಲ್ಲಿ ಜನ ಉದಾರವಾಗಿ ಕೊಡುತ್ತಾರೆ, ಅದು ಮನುಷ್ಯರ ದೊಡ್ಡ ಗುಣ. ಆದರೆ ಆಗ ಹಣ ಒಂದೇ ಕಡೆಗೆ ನುಗ್ಗುತ್ತದೆ. 2004ರ ಡಿಸೆಂಬರ್‌ನ ಹಿಂದೂ ಮಹಾಸಾಗರದ ಸುನಾಮಿಯ ನಂತರ ದೇಣಿಗೆ ಎಷ್ಟು ಬಂತೆಂದರೆ, ಗಡಿಗಳಿಲ್ಲದ ವೈದ್ಯರು ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಂದೆರಡು ವಾರದೊಳಗೇ ಸುನಾಮಿಯ ಹೆಸರಿನಲ್ಲಿ ಇನ್ನು ಹಣ ಬೇಡ ಎಂದು ಪ್ರಕಟಿಸಿತು. ಬಂದದ್ದನ್ನು ಬೇರೆ ಕಡೆಯ ಸಂಕಟಗಳಿಗೆ ಬಳಸಲು ದಾನಿಗಳ ಅನುಮತಿ ಕೇಳಿತು. ಅದೇ ಹೊತ್ತಿನಲ್ಲಿ ಸುಡಾನಿನ ಡಾರ್ಫರ್‌ನಲ್ಲಿ ಯುದ್ಧದಿಂದ ನೆಲೆ ಕಳೆದುಕೊಂಡವರು ಲಕ್ಷಾಂತರ ಮಂದಿ ಇದ್ದರು. ಅವರ ಕಡೆ ತಿರುಗಿದ್ದ ಕ್ಯಾಮೆರಾಗಳು ಕಡಿಮೆ.

ಈ ಪಾಠವನ್ನು ದೊಡ್ಡ ಸಂಸ್ಥೆಗಳೂ ಕಲಿತಿವೆ. ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ 1985ರಲ್ಲಿಯೇ ಒಂದು ಸಿದ್ಧ ನಿಧಿಯನ್ನು ಕಟ್ಟಿತು. ವಿಶ್ವಸಂಸ್ಥೆಯ ಕೇಂದ್ರೀಯ ತುರ್ತು ನಿಧಿ 2006ರ ಮಾರ್ಚ್‌ನಲ್ಲಿ ಕೆಲಸ ಆರಂಭಿಸಿತು. ಎರಡರ ಉದ್ದೇಶವೂ ಒಂದೇ: ಅನಾಹುತವಾದ ಮೇಲೆ ಜೋಳಿಗೆ ಹಿಡಿದು ಹೊರಡುವ ಬದಲು, ಆ ದಿನ ಕೈಯಲ್ಲಿ ಹಣ ಇರಬೇಕು. ನೀವು ತಿಂಗಳು ತಿಂಗಳು ಕೊಡುವ ಚಿಕ್ಕ ಮೊತ್ತವೂ ಒಂದು ಸಂಸ್ಥೆಗೆ ಈ ಬಲವನ್ನೇ ಕೊಡುತ್ತದೆ.

ಕೊಡುವವರ ಕಡೆಯಿಂದಲೂ ಒಂದು ಮಾತಿದೆ. 12ನೇ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ಇದನ್ನು ಚೆನ್ನಾಗಿ ಗುರುತಿಸಿದ್ದ. ಸಾವಿರ ಚಿನ್ನದ ನಾಣ್ಯವನ್ನು ಒಬ್ಬನಿಗೆ ಒಂದೇ ಸಲ ಕೊಟ್ಟು ಮುಗಿಸುವವನಿಗಿಂತ, ಒಂದೊಂದೇ ನಾಣ್ಯವನ್ನು ಸಾವಿರ ಸಲ ಕೊಡುವವನ ಸ್ವಭಾವ ಹೆಚ್ಚು ಪಳಗುತ್ತದೆ ಎಂಬುದು ಅವನ ವಾದ. ಸಾವಿರ ಸಲ ಕೈ ಬಿಚ್ಚಿದಾಗ ಕೈ ಬಿಚ್ಚುವುದು ಅಭ್ಯಾಸವಾಗುತ್ತದೆ. ಒಂದು ಸಲದ ಉತ್ಸಾಹ ಅದೇ ಸಂಜೆ ಇಳಿದುಹೋಗಬಹುದು. ನನ್ನ ಅನುಭವದಲ್ಲಿ ಇದು ಅಕ್ಷರಶಃ ಸತ್ಯ. ಮೊದಲ ಮೂರು ನಾಲ್ಕು ತಿಂಗಳು ಹಣ ಹೋಗುವಾಗ ಮನಸ್ಸು ಒಮ್ಮೆ ಹಿಂದೆ ಎಳೆಯುತ್ತಿತ್ತು. ಆಮೇಲೆ ಅದು ಬಾಡಿಗೆಯಂತೆ, ವಿದ್ಯುತ್ ಬಿಲ್ಲಿನಂತೆ, ನನ್ನದಲ್ಲದ ಹಣವಾಯಿತು.

ಹೆಜ್ಜೆ 1: ನೋಯದ, ಆದರೆ ಗೊತ್ತಾಗುವ ಮೊತ್ತ

ನಿಮ್ಮ ಕಳೆದ ಮೂರು ತಿಂಗಳ ಬ್ಯಾಂಕ್ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಕಡ್ಡಾಯ ಖರ್ಚು, ಸಾಲದ ಕಂತು, ಆಪತ್ತಿಗೆಂದು ಎತ್ತಿಡುವ ಹಣ, ಇವನ್ನೆಲ್ಲ ಕಳೆದು ಉಳಿಯುವುದೆಷ್ಟು ನೋಡಿ. ಕೆಟ್ಟ ತಿಂಗಳಲ್ಲೂ ಕೊಡಬಲ್ಲ ಮೊತ್ತವನ್ನು ಅದರೊಳಗಿನಿಂದ ಆರಿಸಿ. ಒಳ್ಳೆಯ ತಿಂಗಳಿನ ಹುಮ್ಮಸ್ಸಿನಲ್ಲಿ ನಿಶ್ಚಯಿಸಿದ ಮೊತ್ತ ನಾಲ್ಕನೇ ತಿಂಗಳಿಗೆ ನಿಲ್ಲುತ್ತದೆ, ನಿಂತ ನಾಚಿಕೆಗೆ ಜನ ಮತ್ತೆ ಆರಂಭಿಸುವುದೇ ಇಲ್ಲ.

ಆದಾಯದ ಶೇಕಡಾ ಇಷ್ಟು ಎಂದು ಲೆಕ್ಕ ಹಾಕುವುದು ಸುಲಭದ ದಾರಿ. ಶೇಕಡಾ 10 ಎಂಬುದು ಹಲವು ಧರ್ಮಗಳಲ್ಲಿ ಹಳೆಯ ಅಳತೆ. ಬ್ರಿಟನ್ನಿನಲ್ಲಿ 2009ರಲ್ಲಿ ಆರಂಭವಾದ ಗಿವಿಂಗ್ ವಾಟ್ ವಿ ಕ್ಯಾನ್ ಸಂಸ್ಥೆಯ ಸದಸ್ಯರೂ ಅಷ್ಟನ್ನೇ ಕೊಡುವ ಸಂಕಲ್ಪ ಮಾಡುತ್ತಾರೆ. ಅಲ್ಲಿಂದಲೇ ಆರಂಭಿಸಬೇಕೆಂದಿಲ್ಲ. ಶೇಕಡಾ 1ರಿಂದ ಆರಂಭಿಸಿ ಹತ್ತು ವರ್ಷ ತಪ್ಪದೆ ಕೊಟ್ಟವರನ್ನು ನಾನು ಬಲ್ಲೆ. ನಮ್ಮ ಸಂಸ್ಥೆ ಉಳಿದದ್ದು ಅಂಥವರಿಂದ. ಬಡ್ಡಿ ಏರುತ್ತಿರುವ ಸಾಲ ತಲೆಯ ಮೇಲಿದ್ದರೆ ಮೊದಲು ಅದನ್ನು ತೀರಿಸಿ. ಅಷ್ಟರತನಕ ಹಣದ ಬದಲು ಸಮಯ ಕೊಡಬಹುದು, ಆರೋಗ್ಯವಿದ್ದರೆ ನಿಯಮಕ್ಕೆ ತಕ್ಕ ಅಂತರದಲ್ಲಿ ರಕ್ತ ಕೊಡಬಹುದು.

ಕಡಿಮೆ ಕೊಡುವುದಕ್ಕೆ ಸಂಕೋಚ ಪಡಬೇಡಿ. 2008ರಲ್ಲಿ ಮನೋವಿಜ್ಞಾನಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರಿಗೆ 5 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟು, ಅರ್ಧ ಜನರಿಗೆ ತಮಗಾಗಿಯೂ ಇನ್ನರ್ಧಕ್ಕೆ ಬೇರೆಯವರಿಗಾಗಿಯೂ ಸಂಜೆಯೊಳಗೆ ಖರ್ಚು ಮಾಡಲು ಹೇಳಿದ್ದರು. ಸಂಜೆ ಹೆಚ್ಚು ಸಂತೋಷದಿಂದಿದ್ದವರು ಬೇರೆಯವರಿಗೆ ಖರ್ಚು ಮಾಡಿದವರು. ಮೊತ್ತ 5 ಆಗಿತ್ತೋ 20 ಆಗಿತ್ತೋ, ಅದರಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹೆಜ್ಜೆ 2: ಎರಡು ಮೂರು ಕಡೆಗೆ ಮಾತ್ರ

ಹತ್ತು ಸಂಸ್ಥೆಗಳಿಗೆ ಚೂರು ಚೂರು ಹಂಚುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಪ್ರತಿ ದೇಣಿಗೆಯ ಹಿಂದೆ ಬ್ಯಾಂಕ್ ಶುಲ್ಕ, ರಶೀದಿ, ಪತ್ರ, ದಾಖಲೆ ಎಂಬ ಸ್ಥಿರ ಖರ್ಚು ಇರುತ್ತದೆ. ಮೊತ್ತ ತೀರಾ ಚಿಕ್ಕದಾದರೆ ಅದರ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ನಿಮ್ಮ ಗಮನವೂ ಚದುರುತ್ತದೆ. ಎರಡು ಅಥವಾ ಮೂರು ಸಂಸ್ಥೆ ಸಾಕು, ಅವುಗಳ ವಾರ್ಷಿಕ ವರದಿಯನ್ನು ನೀವು ನಿಜವಾಗಿ ಓದಬಲ್ಲಿರಿ.

ಯಾವ ವಿಷಯ ಆರಿಸಬೇಕು? ನಿಮ್ಮನ್ನು ರಾತ್ರಿ ಕಾಡುವ ವಿಷಯ ಒಂದಿರಲಿ. ಅದರ ಜೊತೆಗೆ, ಸುದ್ದಿಯಲ್ಲಿ ಕಾಣದ, ಮುಖ ತೋರದ ವಿಷಯ ಒಂದಿರಲಿ. ಇದಕ್ಕೆ ಕಾರಣವಿದೆ. ಹೆಸರಿರುವ ಒಬ್ಬ ವ್ಯಕ್ತಿಯ ಸಂಕಟಕ್ಕೆ ನಾವು ಥಟ್ಟನೆ ಮಿಡಿಯುತ್ತೇವೆ, ಸಂಖ್ಯೆಯಾಗಿ ಮಾತ್ರ ಕಾಣುವ ಸಾವಿರಾರು ಜನರಿಗೆ ಹಾಗೆ ಮಿಡಿಯುವುದಿಲ್ಲ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1968ರಲ್ಲಿಯೇ ಇದನ್ನು ಗುರುತಿಸಿದ್ದರು. ನೀರಿನ ಶುದ್ಧೀಕರಣ, ಕ್ಷಯರೋಗದ ಔಷಧ, ಹಾಸಿಗೆ ಹಿಡಿದವರ ಆರೈಕೆ, ಇವುಗಳ ಚಿತ್ರ ಯಾರ ಮೊಬೈಲಿನಲ್ಲೂ ಹರಿದಾಡುವುದಿಲ್ಲ. ಆ ಕ್ಷಣದ ಭಾವನೆಗೆ ಕಾಯದ ತಿಂಗಳ ದೇಣಿಗೆ ಇಂಥ ಕಡೆಗೂ ತಲುಪುತ್ತದೆ.

ಹೆಜ್ಜೆ 3: ಸಂಸ್ಥೆಯನ್ನು ಒಂದು ಸಂಜೆ ಕೂತು ಪರೀಕ್ಷಿಸಿ

ನಂಬಿಕೆ ಬೇಕು, ಆದರೆ ನಂಬುವ ಮೊದಲು ನೋಡಬೇಕು. ಸಂಸ್ಥೆ ಸರ್ಕಾರದಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ಅಧಿಕೃತ ಪಟ್ಟಿಯಲ್ಲೇ ನೋಡಿ, ಸಂಸ್ಥೆಯ ಕರಪತ್ರದಲ್ಲಿ ಅಲ್ಲ. ಹೆಸರಾಂತ ಸಂಸ್ಥೆಯ ಹೆಸರನ್ನೇ ಹೋಲುವ ನಕಲಿಗಳಿರುತ್ತವೆ, ಹೆಸರಿನ ಅಕ್ಷರ ಅಕ್ಷರವನ್ನೂ ತಾಳೆ ನೋಡಿ. ಕೊನೆಯ ಎರಡು ವರ್ಷಗಳ ಲೆಕ್ಕಪರಿಶೋಧನಾ ವರದಿ ಕೇಳಿ. ಕೊಡಲು ತಡಮಾಡುವ ಸಂಸ್ಥೆಗೆ ಇನ್ನೊಂದು ಅವಕಾಶ ಕೊಡಿ, ಚಿಕ್ಕವರಲ್ಲಿ ಅದನ್ನು ಹುಡುಕಿ ಕಳುಹಿಸಲು ಸಿಬ್ಬಂದಿ ಇರುವುದಿಲ್ಲ. ಕೇಳಿದ್ದಕ್ಕೇ ಕೋಪಗೊಳ್ಳುವ ಸಂಸ್ಥೆಯಿಂದ ದೂರವಿರಿ.

ಜನ ಮೊದಲು ಕೇಳುವ ಪ್ರಶ್ನೆ, ಆಡಳಿತಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು. ನನ್ನ ಕಳಕಳಿಯ ಮನವಿ: ಅದೊಂದರಿಂದಲೇ ತೀರ್ಮಾನಿಸಬೇಡಿ. ಲೆಕ್ಕ ಬರೆಯುವವರು, ದಾದಿಯ ಮೇಲ್ವಿಚಾರಕಿ, ಔಷಧ ಇಡುವ ಫ್ರಿಜ್ಜಿನ ದುರಸ್ತಿ, ಎಲ್ಲವೂ ಕಾಗದದಲ್ಲಿ ಆಡಳಿತ ವೆಚ್ಚವಾಗಿಯೇ ಕಾಣುತ್ತವೆ. ಈ ಅಂಕಿಯನ್ನು ಕಡಿಮೆ ತೋರಿಸುವ ಒತ್ತಡಕ್ಕೆ ಸಿಕ್ಕ ಸಂಸ್ಥೆಗಳು ಬೇಕಾದ ಸಿಬ್ಬಂದಿಯನ್ನೇ ಇಟ್ಟುಕೊಳ್ಳದೆ ಸೊರಗುತ್ತವೆ. ಅಮೆರಿಕದಲ್ಲಿ ಸೇವಾ ಸಂಸ್ಥೆಗಳ ಮಾಹಿತಿ ಒದಗಿಸುವ, ಮೌಲ್ಯಮಾಪನ ಮಾಡುವ ಮೂರು ಪ್ರಮುಖ ಸಂಸ್ಥೆಗಳು 2013ರಲ್ಲಿ ಒಟ್ಟಾಗಿ ದಾನಿಗಳಿಗೆ ಬಹಿರಂಗ ಪತ್ರ ಬರೆದು ಇದನ್ನೇ ಹೇಳಿದವು. ಬದಲಿಗೆ ಹೀಗೆ ಕೇಳಿ: ಕಳೆದ ವರ್ಷ ಏನು ಮಾಡಲು ಹೊರಟಿದ್ದಿರಿ, ಏನು ಆಯಿತು, ಯಾವುದು ಆಗಲಿಲ್ಲ? ಆಗದೆ ಹೋದದ್ದನ್ನು ಬಿಚ್ಚಿ ಹೇಳುವವರ ಮೇಲೆ ನನಗೆ ಹೆಚ್ಚು ನಂಬಿಕೆ.

ಸಾಧ್ಯವಿದ್ದರೆ ಒಮ್ಮೆ ಹೋಗಿ ನೋಡಿ ಬನ್ನಿ. ಆದರೆ ನಿಮ್ಮ ಭೇಟಿಗಾಗಿ ಅವರು ಕೆಲಸ ಬಿಟ್ಟು ಸಮಾರಂಭ ಮಾಡದಂತೆ ಮೊದಲೇ ತಿಳಿಸಿ.

ಹೆಜ್ಜೆ 4: ಹಣಕ್ಕೆ ಗಂಟು ಹಾಕಬೇಡಿ

"ಈ ಹಣ ಪುಸ್ತಕಕ್ಕೆ ಮಾತ್ರ", "ಇದು ಮಕ್ಕಳ ಊಟಕ್ಕೆ ಮಾತ್ರ" ಎಂದು ಬರೆದು ಕೊಡುವುದು ಪ್ರೀತಿಯಿಂದಲೇ. ಆದರೆ ಸಂಸ್ಥೆಗೆ ಬಹಳ ಸಲ ಬೇಕಿರುವುದು ಯಾರೂ ತಮ್ಮ ಹೆಸರು ಹಾಕಿಸಿಕೊಳ್ಳಲು ಬಯಸದ ಖರ್ಚುಗಳಿಗೆ: ಬಾಡಿಗೆ, ವಿಮೆ, ಚಾಲಕನ ಸಂಬಳ. ಪುಸ್ತಕದ ಹಣದಿಂದ ಚಾಲಕನಿಗೆ ಸಂಬಳ ಕೊಡುವಂತಿಲ್ಲ, ಚಾಲಕನಿಲ್ಲದೆ ಪುಸ್ತಕ ಶಾಲೆಗೆ ಹೋಗುವಂತಿಲ್ಲ. ಹಿಂದಿನ ಹೆಜ್ಜೆಯಲ್ಲಿ ಪರೀಕ್ಷಿಸಿ ಒಪ್ಪಿದ ಸಂಸ್ಥೆಯಾದರೆ, ದೇಣಿಗೆಯ ಉದ್ದೇಶದ ಕಡೆ "ಅಗತ್ಯವಿದ್ದೆಡೆ ಬಳಸಿ" ಎಂದು ಬರೆಯಿರಿ.

ವಸ್ತುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1988ರ ಡಿಸೆಂಬರ್‌ನಲ್ಲಿ ಆರ್ಮೇನಿಯಾದಲ್ಲಿ ಭೂಕಂಪವಾದಾಗ ಸುಮಾರು 5000 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿ ಹರಿದುಬಂತು. ಏನೇನು ಬಂದಿದೆ ಎಂದು ಸ್ಪಷ್ಟವಾಗಿ ತಿಳಿಯಲು 50 ಜನರಿಗೆ ಆರು ತಿಂಗಳು ಬೇಕಾಯಿತು. ಒಂದಷ್ಟು ಅವಧಿ ಮುಗಿದಿತ್ತು, ಒಂದಷ್ಟು ಚಳಿಗೆ ಹೆಪ್ಪುಗಟ್ಟಿ ಹಾಳಾಗಿತ್ತು. ಕೇಳದೆ ವಸ್ತು ಕಳುಹಿಸಬೇಡಿ. ಕೇಳಿದ್ದನ್ನು, ಕೇಳಿದಷ್ಟನ್ನೇ ಕಳುಹಿಸಿ.

ಹೆಜ್ಜೆ 5: ತಾರೀಖು ಗೊತ್ತುಮಾಡಿ, ಮರೆತುಬಿಡಿ

ಸಂಬಳ ಬಂದ ಮರುದಿನಕ್ಕೋ ಎರಡನೇ ದಿನಕ್ಕೋ ಬ್ಯಾಂಕಿನಲ್ಲಿ ಸ್ಥಾಯಿ ಸೂಚನೆ, ಅಂದರೆ ಪ್ರತಿ ತಿಂಗಳೂ ಹಣ ತಾನಾಗಿ ಹೋಗುವಂತೆ ಸೂಚನೆ, ಕೊಟ್ಟುಬಿಡಿ. ತಿಂಗಳ ಕೊನೆಯಲ್ಲಿ ಉಳಿದದ್ದರಿಂದ ಕೊಡುತ್ತೇನೆ ಎಂದುಕೊಂಡರೆ ಉಳಿಯುವುದಿಲ್ಲ. ಸೂಚನೆಯನ್ನು ನಿಮ್ಮ ಬ್ಯಾಂಕಿನ ಮೂಲಕ ಅಥವಾ ಸಂಸ್ಥೆಯ ಸ್ವಂತ ಜಾಲತಾಣದ ಮೂಲಕ ಮಾತ್ರ ಕೊಡಿ. ಫೋನಿನಲ್ಲಿ ಕೇಳಿದವರಿಗೆ ಕಾರ್ಡಿನ ಸಂಖ್ಯೆ ಹೇಳಬೇಡಿ. ಮಧ್ಯವರ್ತಿ ವೇದಿಕೆ ಬಳಸುವುದಾದರೆ ಅದು ಎಷ್ಟು ಶುಲ್ಕ ಕಡಿತ ಮಾಡುತ್ತದೆ ಎಂದು ನೋಡಿ. ಕಾರ್ಡಿನ ಅವಧಿ ಮುಗಿದು ದೇಣಿಗೆ ತಾನಾಗಿ ನಿಂತುಹೋಗುವುದು ತೀರಾ ಸಾಮಾನ್ಯ, ದಾನಿಗೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಕಾರ್ಡಿನ ಬದಲು ನೇರ ಬ್ಯಾಂಕ್ ಖಾತೆಯಿಂದ ಹೋಗುವಂತೆ ಮಾಡಿದರೆ ಈ ತೊಂದರೆ ಇಲ್ಲ.

ದಿನಗೂಲಿಯವರಿಗೆ, ಕೃಷಿಕರಿಗೆ, ಸ್ವಂತ ಉದ್ಯೋಗದವರಿಗೆ ತಿಂಗಳ ಲೆಕ್ಕ ಹೊಂದುವುದಿಲ್ಲ. ಅವರು ಹಣ ಬಂದಾಗಲೆಲ್ಲ ಅದರ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿಕೊಂಡು, ಆ ಖಾತೆಯಿಂದ ಮೂರು ತಿಂಗಳಿಗೊಮ್ಮೆ ಒಂದೇ ಮೊತ್ತವನ್ನು ಕಳುಹಿಸಬಹುದು. ಏರಿಳಿತ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ, ಸಂಸ್ಥೆಗೆ ತಲುಪುವುದು ಸಮನಾದ ಹಣ.

ಹೆಜ್ಜೆ 6: ತುರ್ತಿಗೆ ಒಂದು ಪ್ರತ್ಯೇಕ ಪಾಲು

ಪ್ರವಾಹ, ಭೂಕಂಪ, ಪರಿಚಿತರ ಆಸ್ಪತ್ರೆ ಖರ್ಚು ಬಂದಾಗ ತಿಂಗಳ ದೇಣಿಗೆಯನ್ನು ಅತ್ತ ತಿರುಗಿಸಬೇಡಿ. ವರ್ಷಕ್ಕೆ ಕೊಡಬೇಕೆಂದುಕೊಂಡದ್ದರ ಐದನೇ ಒಂದು ಭಾಗವನ್ನು ಮೊದಲೇ ಇದಕ್ಕೆಂದು ತೆಗೆದಿಡುವುದು ನನ್ನ ಪದ್ಧತಿ. ವರ್ಷ ಮುಗಿಯುವಾಗ ಉಳಿದರೆ ಅದನ್ನೂ ನಿಮ್ಮ ಸಂಸ್ಥೆಗಳಿಗೇ ಕೊಟ್ಟುಬಿಡಿ. ದುರಂತ ಸುದ್ದಿಯಿಂದ ಮರೆಯಾದ ಆರು ತಿಂಗಳ ಮೇಲೆ, ಮನೆ ಮರುಕಟ್ಟುವ ಹೊತ್ತಿನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಆಗ ಕೇಳುವವರು ಕಡಿಮೆ, ಬೇಕಾದವರು ಅಷ್ಟೇ ಇರುತ್ತಾರೆ.

ಹೆಜ್ಜೆ 7: ರಶೀದಿ

ಪ್ರತಿ ರಶೀದಿಯನ್ನೂ ಒಂದೇ ಕಡತದಲ್ಲಿಡಿ. ತೆರಿಗೆ ವಿನಾಯಿತಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗಬಹುದು. ಆರಂಭದಲ್ಲೇ ವಿಚಾರಿಸಿ ಇಟ್ಟುಕೊಳ್ಳಿ. ಉಳಿದ ತೆರಿಗೆಯನ್ನು ಮರಳಿ ದೇಣಿಗೆಗೆ ಸೇರಿಸುವವರಿದ್ದಾರೆ, ಅವರಿಗೆ ನನ್ನ ನಮಸ್ಕಾರ.

ಹೆಜ್ಜೆ 8: ವರ್ಷಕ್ಕೊಮ್ಮೆ ಕೂತು ನೋಡಿ

ಹುಟ್ಟುಹಬ್ಬವೋ ವರ್ಷಾರಂಭವೋ, ಒಂದು ದಿನ ಗೊತ್ತುಮಾಡಿ. ಆ ದಿನ ವಾರ್ಷಿಕ ವರದಿ ಓದಿ, ಮನಸ್ಸಿಗೆ ಬಂದ ಒಂದು ಪ್ರಶ್ನೆ ಬರೆದು ಕಳುಹಿಸಿ. ಮನೆಯವರ ಜೊತೆ ಕೂತು ಇದನ್ನು ಮಾಡಿದರೆ ಮಕ್ಕಳೂ ಕಲಿಯುತ್ತಾರೆ. ಒಂದು ಪಾಲು ಯಾರಿಗೆ ಹೋಗಬೇಕು ಎಂಬ ತೀರ್ಮಾನವನ್ನು ಅವರಿಗೇ ಬಿಡಿ. ಮಧ್ಯದಲ್ಲಿ ಬರುವ ಪ್ರತಿ ಮನವಿಗೂ ಸಂಸ್ಥೆ ಬದಲಿಸಬೇಡಿ, ಬದಲಾವಣೆ ಇರುವುದಾದರೆ ಈ ದಿನವೇ ಆಗಲಿ.

ಮೊತ್ತ ಹೆಚ್ಚಿಸುವುದಕ್ಕೆ ಒಂದು ಪರೀಕ್ಷಿತ ಉಪಾಯವಿದೆ. ಇವತ್ತಿನಿಂದಲೇ ಹೆಚ್ಚು ಕೊಡಿ ಎಂದರೆ ಮನಸ್ಸು ಹಿಂಜರಿಯುತ್ತದೆ. ಮುಂದಿನ ದಿನಗಳಿಂದ ಎಂದರೆ ಒಪ್ಪುತ್ತದೆ. ಸ್ವೀಡನ್ನಿನಲ್ಲಿ ಆಗಲೇ ತಿಂಗಳ ದೇಣಿಗೆ ಕೊಡುತ್ತಿದ್ದವರ ನಡುವೆ ಅರ್ಥಶಾಸ್ತ್ರಜ್ಞೆ ಅನಾ ಬ್ರೇಮನ್ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ತಿಂಗಳ ನಂತರದಿಂದ ಹೆಚ್ಚಿಸಿ ಎಂದು ಕೇಳಿದಾಗ, ತಕ್ಷಣವೇ ಹೆಚ್ಚಿಸಿ ಎಂದು ಕೇಳಿದ್ದಕ್ಕಿಂತ ಹೆಚ್ಚಿನ ಏರಿಕೆ ಕಂಡಿತು. ಇದನ್ನು ನೀವೇ ನಿಮ್ಮ ಮೇಲೆ ಬಳಸಿ. ಮುಂದಿನ ಸಂಬಳ ಏರಿಕೆಯ ತಿಂಗಳಿನಿಂದ ಇಷ್ಟು ಹೆಚ್ಚು ಎಂದು ಇಂದೇ ಬ್ಯಾಂಕಿನಲ್ಲಿ ಬರೆದಿಟ್ಟುಬಿಡಿ.

ಹೆಜ್ಜೆ 9: ನಿಲ್ಲಿಸಬೇಕಾಗಿ ಬಂದರೆ

ಕೆಲಸ ಹೋಗಬಹುದು, ಮನೆಯಲ್ಲಿ ಕಾಯಿಲೆ ಬರಬಹುದು. ಆಗ ದೇಣಿಗೆ ನಿಲ್ಲಿಸುವುದು ತಪ್ಪಲ್ಲ. ಸದ್ದಿಲ್ಲದೆ ನಿಲ್ಲಿಸುವುದಕ್ಕಿಂತ ಒಂದು ಸಾಲು ಬರೆಯಿರಿ, ಆದರೆ ಒಂದು ತಿಂಗಳು ಮುಂಚೆ ಬರೆಯಿರಿ. ಪೂರ್ತಿ ನಿಲ್ಲಿಸುವ ಬದಲು ಅರ್ಧಕ್ಕೋ ಕಾಲಿಗೋ ಇಳಿಸಬಹುದೇ ನೋಡಿ. ಹರಿವು ಸಣ್ಣದಾದರೂ ಬತ್ತದಿದ್ದರೆ ಮತ್ತೆ ಹೆಚ್ಚಿಸುವುದು ಸುಲಭ.

5ನೇ ತಾರೀಖಿನ ದಾನಿಗಳಲ್ಲಿ ಒಬ್ಬರು ನಮಗೆ ಅಂಥ ಪತ್ರ ಬರೆದಿದ್ದರು. ಗಂಡನಿಗೆ ಶಸ್ತ್ರಚಿಕಿತ್ಸೆ ಇದೆ, ಬರುವ ತಿಂಗಳಿನಿಂದ ನಾಲ್ಕು ತಿಂಗಳು ಕಳುಹಿಸಲಾಗುವುದಿಲ್ಲ, ಐದನೇ ತಿಂಗಳಿನಿಂದ ಮತ್ತೆ ಬರುತ್ತದೆ ಎಂದು ಮೂರು ಸಾಲು. ಆ ಪತ್ರ ಬಂದದ್ದರಿಂದ ನಾವು ಹೊಸ ಬೀರು ಕೊಳ್ಳುವುದನ್ನು ಮುಂದೂಡಿದೆವು, ಔಷಧದ ಅಂಗಡಿಯವರ ಬಳಿ ಒಂದು ತಿಂಗಳ ಸಮಯ ಕೇಳಿದೆವು, ದಾದಿಯರ ಸಂಬಳವನ್ನು ಸರಿಯಾದ ದಿನಕ್ಕೇ ಕೊಟ್ಟೆವು. ಐದನೇ ತಿಂಗಳ 5ನೇ ತಾರೀಖಿನಂದು ಅವರ ಹೆಸರು ಮತ್ತೆ ಜಮೆಯ ಪುಟದಲ್ಲಿತ್ತು.